ಕಾರವಾರಕ್ಕೆ ಹೊಂಟೀರಾ? ಮೀನೂಟಕ್ಕೆ ಕೂಡೋ ಮೊದಲು ಇದು ಗೊತ್ತಿರಲಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರಿಗೆ ಸಮುದ್ರ ಅಂದ್ರೆ ಕಾರವಾರ, ಗೋಕರ್ಣ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಅಂಕೋಲಾ. ಮೀನೂಟ ಅಲ್ಲಿಂದಲೇ ಶುರು.

ತಾಜಾ ಮೀನು ಬೇಕಂದ್ರೆ ಮೊದಲು ತಿಂಗಳು ನೋಡ್ರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಾಡದೋಣಿಯವರು ತಂದ ಮೀನಷ್ಟೇ ತಾಜಾ. ಉಳಿದದ್ದು ಹೆಚ್ಚಾಗಿ ಐಸಿನಲ್ಲಿಟ್ಟ ಮಾಲು, ರೇಟೂ ಜಾಸ್ತಿ. ಮಳೆಗಾಲದಾಗ ಹೋಗೋದಿದ್ರೆ ಜಲಪಾತ ನೋಡ್ಕೊಂಡು ಬರೋದೇ ಲೇಸು.

ಬೀಚಿನ ಎದುರಿನ ಹೋಟೆಲ್‌ಗಿಂತ ಮೀನು ಮಾರ್ಕೆಟ್, ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಖಾನಾವಳಿ ಹುಡುಕ್ರಿ, ಅದೂ ಮಧ್ಯಾಹ್ನ. ಅನ್ನ, ಮೀನು ಸಾರು, ಫ್ರೈ, ಸೋಲ್‌ಕಡಿ. ಊಟದ ರೇಟು ಸಾಮಾನ್ಯವಾಗಿ ಬೋರ್ಡಿನ ಮ್ಯಾಲೆ ಇರ್ತದ. ಆದ್ರ ಇಸ್ವಣ, ಪಾಪ್ಲೇಟ್ ಫ್ರೈ ರೇಟು ದಿನಾ ಬದಲಾಗ್ತದ; ಕೇಳಿಯೇ ಆರ್ಡರ್ ಕೊಡ್ರಿ. ನಾಚಿಕೊಂಡು ಸುಮ್ಮನಿದ್ರೆ ಬಿಲ್ಲು ಗಾಡಿ ಬಾಡಿಗೆ ಮೀರಿಸ್ತದ. ಕಾರವಾರದ ಇಸ್ವಣಕ್ಕೇ ಮಂಗಳೂರು ಕಡೆ ಅಂಜಲ್ ಅಂತಾರ, ತಾರ್ಲೆಗೆ ಬೂತಾಯಿ.

ಮುಳ್ಳು ಬಿಡಿಸಿ ರೂಢಿ ಇಲ್ಲದ ಮಕ್ಕಳಿಗೆ ಇಸ್ವಣ ಸುಲಭ. ದೊಡ್ಡವರಿಗೆ ಬಂಗಡೆ ಸಾಕು, ಅಗ್ಗವೂ ಹೌದು.

ಜೋಳದ ರೊಟ್ಟಿ ಮಾತ್ರ ಕೇಳಬ್ಯಾಡ್ರಿ. ಬೇಕಂದ್ರೆ ಮನಿಯಿಂದ ಖಡಕ್ ರೊಟ್ಟಿ ಕಟಗೊಂಡು ಹೋಗ್ರಿ, ಮೀನು ಸಾರಿಗೆ ಚಲೋ ಹೊಂದತಾವ.