ವಕೀಲರ ಕಡತಗಳಿಗೆ ಹೊಸ ಕಣಜ

ಚಿನ್ನವನ್ನು ತಿಜೋರಿಯಲ್ಲಿಡುತ್ತೇವೆ, ಹಣವನ್ನು ಬ್ಯಾಂಕಿನಲ್ಲಿಡುತ್ತೇವೆ. ಆದರೆ ಹೊಲ-ಮನೆಗಳ ಖರೀದಿ ಪತ್ರ, ಅಣ್ಣತಮ್ಮಂದಿರ ವಾಟ್ನಿ ಪತ್ರ, ಹಿರಿಯರು ಬರೆದಿಟ್ಟ ಮೃತ್ಯುಪತ್ರ ಇವು ಎಷ್ಟೋ ವೇಳೆ ವಕೀಲರ ಕಚೇರಿಯ ಯಾವುದೋ ಕಪಾಟಿನಲ್ಲಿ ಉಳಿದುಬಿಟ್ಟಿರುತ್ತವೆ. ದಾವೆ ಮುಗಿದು ಹತ್ತಾರು ವರ್ಷಗಳಾದರೂ ಅವುಗಳನ್ನು ಮರಳಿ ತರುವ ನೆನಪು ಮನೆಯವರಿಗೆ ಆಗಿರುವುದಿಲ್ಲ. ಇಂದು ಅನೇಕ ವಕೀಲರು ತಮ್ಮ ಕಡತಗಳನ್ನು ‘ಕ್ಲೌಡ್’ ಎಂಬ ಹೊಸ ವ್ಯವಸ್ಥೆಗೆ ಒಪ್ಪಿಸುತ್ತಿದ್ದಾರೆ. ಆದುದರಿಂದ ಇದು ವಕೀಲರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಆ ಕಡತಗಳಲ್ಲಿ ಯಾರ ಬದುಕು ಅಡಗಿದೆಯೋ ಆ ಕುಟುಂಬಗಳೂ ತಿಳಿದಿರಬೇಕಾದ ಸಂಗತಿಯಾಗಿದೆ.

ಕಪಾಟಿನ ಕಾಲ

ಜಿಲ್ಲಾ ಕೇಂದ್ರದ ಯಾವುದೇ ಹಳೆಯ ವಕೀಲರ ಕಚೇರಿಯನ್ನು ಹೊಕ್ಕರೂ ಕಾಣುವ ನೋಟ ಒಂದೇ. ಗೋಡೆಯುದ್ದಕ್ಕೂ ಕಾನೂನು ವರದಿಗಳ ಸಂಪುಟಗಳು, ಅವುಗಳ ಕೆಳಗೆ ದಾರ ಕಟ್ಟಿದ ಕಡತಗಳು, ಅಟ್ಟದ ಮೇಲೆ ಮುಗಿದ ದಾವೆಗಳ ಗಂಟುಗಳು. ಯಾವ ಕಡತ ಎಲ್ಲಿದೆ ಎಂಬುದು ಹಿರಿಯ ಗುಮಾಸ್ತರೊಬ್ಬರಿಗೇ ಗೊತ್ತು. ಅವರು ರಜೆಯ ಮೇಲೆ ಹೋದ ದಿನ ಕಚೇರಿಯ ನೆನಪೂ ರಜೆಯ ಮೇಲೆ ಹೋಗುತ್ತದೆ. ಗೆದ್ದಲು, ಇಲಿ, ಮಳೆಗಾಲದ ಸೋರಿಕೆಗಳ ಕಾಟ ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನುಗ್ಗಿದುದನ್ನು ನಾವು ಮರೆತಿಲ್ಲ. ಅಂಥ ನೀರಿಗೆ ಪಾತ್ರೆ ಯಾವುದು, ಪತ್ರ ಯಾವುದು ಎಂಬ ಭೇದವಿರುವುದಿಲ್ಲ.

ಮೋಡವಲ್ಲ, ಕಟ್ಟಡ

‘ಕ್ಲೌಡ್’ ಎಂದರೆ ಮೋಡ. ಹೆಸರು ಆಕಾಶದ್ದಾದರೂ ವಸ್ತು ಭೂಮಿಯ ಮೇಲಿನದೇ. ದೊಡ್ಡ ಸಂಸ್ಥೆಯೊಂದು ತನ್ನ ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಇರಿಸಿ, ಅವುಗಳಲ್ಲಿನ ಸ್ಥಳವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುತ್ತದೆ. ಅಮೆಜಾನ್ ಸಂಸ್ಥೆಯು 2006ರಲ್ಲಿ ಇಂಥ ಸಂಗ್ರಹ ಸೇವೆಯನ್ನು ಆರಂಭಿಸಿದ ಬಳಿಕ ಈ ವ್ಯಾಪಾರ ಜಗತ್ತಿನಾದ್ಯಂತ ಹಬ್ಬಿತು. ಸ್ಥಳಾವಕಾಶದ ದೃಷ್ಟಿಯಿಂದ ನೋಡಿದರೆ, ಸ್ಕ್ಯಾನ್ ಮಾಡಿದ ಒಂದು ಪುಟಕ್ಕೆ ಸುಮಾರು 100 ಕಿಲೋಬೈಟ್ ಎಂದು ಹಿಡಿದರೂ ಒಂದು ಲಕ್ಷ ಪುಟಗಳು 10 ಗಿಗಾಬೈಟಿನಲ್ಲಿ ಅಡಗುತ್ತವೆ. ಒಂದು ಕೋಣೆಯ ಕಾಗದ ಅಂಗೈಯಗಲದ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಗದಗಿನ ವಕೀಲರು ಧಾರವಾಡದ ಹೈಕೋರ್ಟ್ ಪೀಠದೆದುರು ನಿಂತಾಗ, ಮನೆಯಲ್ಲಿ ಮರೆತು ಬಂದ ಕಾಗದಕ್ಕಾಗಿ ಮುಂದಿನ ತಾರೀಖು ಕೇಳುವ ಪ್ರಸಂಗ ತಪ್ಪುತ್ತದೆ. ಕರಡನ್ನು ಯಾರು, ಯಾವಾಗ ತಿದ್ದಿದರು ಎಂಬುದೂ ದಾಖಲಾಗುತ್ತದೆ.

ನ್ಯಾಯಾಲಯಗಳೂ ಇದೇ ದಾರಿಯಲ್ಲಿವೆ. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸರ್ಕಾರವು 2023ರಲ್ಲಿ 7,210 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಹಳೆಯ ದಾಖಲೆಗಳ ಸ್ಕ್ಯಾನಿಂಗ್ ಅದರ ಮುಖ್ಯ ಅಂಗಗಳಲ್ಲಿ ಒಂದು. ನ್ಯಾಯಾಲಯವೇ ಕಾಗದವನ್ನು ಕಡಿಮೆ ಮಾಡುತ್ತಿರುವಾಗ ವಕೀಲರು ಹಿಂದುಳಿಯುವಂತಿಲ್ಲ.

ಎರಡು ಬಗೆಯ ಅಪಾಯ

ಹಾಗೆಂದು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಇಲ್ಲಿರುವ ಅಪಾಯಗಳು ಎರಡು: ಕಡತ ಕಳೆದುಹೋಗುವುದು ಒಂದು, ಸೋರಿಹೋಗುವುದು ಇನ್ನೊಂದು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಕ್ಲೌಡ್ ಸಂಸ್ಥೆಯ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆ ಕಡೆ ಪ್ರತಿಯನ್ನು ಇರಿಸಿಕೊಳ್ಳದಿದ್ದ ಗ್ರಾಹಕರಲ್ಲಿ ಕೆಲವರ ಮಾಹಿತಿ ಶಾಶ್ವತವಾಗಿ ನಾಶವಾಯಿತು. ಮೋಡಕ್ಕೂ ಬೆಂಕಿ ತಗಲಬಲ್ಲದೆಂಬುದು ಅಂದು ಎಲ್ಲರ ಅರಿವಿಗೆ ಬಂದಿತು. ಪನಾಮಾ ದೇಶದ ಮೊಸ್ಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯ ಕಥೆ ಎರಡನೆಯ ಬಗೆಯದು. 2016ರಲ್ಲಿ ಅದರ 1 ಕೋಟಿ 15 ಲಕ್ಷ ದಾಖಲೆಗಳು ಹೊರಬಿದ್ದವು. 2018ರಲ್ಲಿ ಸಂಸ್ಥೆಯೇ ಬಾಗಿಲು ಮುಚ್ಚಿತು. ಆ ಸೋರಿಕೆಯಿಂದ ಅನೇಕ ಅಕ್ರಮಗಳು ಬೆಳಕಿಗೆ ಬಂದುದು ನಿಜ. ಆದರೆ ಒಂದು ಕಾನೂನು ಕಚೇರಿಯ ಜೀವಮಾನದ ಕಡತಗಳೆಲ್ಲ ಒಮ್ಮೆಗೇ ಹೊರಹೋಗಲು ಸಾಧ್ಯವೆಂಬ ಪಾಠವೂ ಅದರಲ್ಲಿದೆ. ಕಾಗದದ ಕಾಲದಲ್ಲಿ ಅಷ್ಟನ್ನು ಕದಿಯಲು ಲಾರಿಗಳ ಸಾಲೇ ಬೇಕಾಗುತ್ತಿತ್ತು.

ಗೌಪ್ಯತೆಯ ಋಣ

ಕಕ್ಷಿದಾರನು ವಕೀಲರ ಮುಂದೆ ಹೇಳಿಕೊಂಡದ್ದು ಹೊರಗೆ ಹೋಗಬಾರದೆಂಬುದು ವೃತ್ತಿಯ ಹಳೆಯ ಧರ್ಮ. 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮಿನಲ್ಲಿದ್ದ ಈ ನಿಯಮವು, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿ ಮುಂದುವರಿದಿದೆ. ಅದು ವಕೀಲರನ್ನು ಮಾತ್ರವಲ್ಲ, ಅವರ ಗುಮಾಸ್ತರನ್ನೂ ನೌಕರರನ್ನೂ ಬಂಧಿಸುತ್ತದೆ. ಕಡತವನ್ನು ಬಾಡಿಗೆಯ ಕಂಪ್ಯೂಟರಿನಲ್ಲಿಟ್ಟ ಮಾತ್ರಕ್ಕೆ ಈ ಋಣ ತೀರುವುದಿಲ್ಲ. ಇದರ ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸೂಕ್ತ ಭದ್ರತೆಯನ್ನು ಕಲ್ಪಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿತ್ತಿದೆ.

ವಕೀಲರು ಮಾಡಬೇಕಾದುದೇನು?

ಮೊದಲನೆಯದಾಗಿ, ಸ್ಕ್ಯಾನ್ ಮಾಡುವ ಮುನ್ನ ಕಡತಗಳ ಪಟ್ಟಿ ಸಿದ್ಧವಾಗಬೇಕು. ಕಕ್ಷಿದಾರನ ಹೆಸರು, ದಾವೆಯ ಸಂಖ್ಯೆ, ವರ್ಷ, ದಸ್ತಾವೇಜಿನ ಬಗೆ ಈ ಕ್ರಮದಲ್ಲಿ ಪ್ರತಿಯೊಂದಕ್ಕೂ ಹೆಸರಿಡಬೇಕು. ಅಸ್ತವ್ಯಸ್ತವಾದ ಅಟ್ಟವನ್ನು ಹಾಗೆಯೇ ಕ್ಲೌಡಿಗೆ ಏರಿಸಿದರೆ ದೊರೆಯುವುದು ಇನ್ನೊಂದು ಅಟ್ಟ ಮಾತ್ರ. ಮುದ್ರಿತ ಅಕ್ಷರಗಳನ್ನು ಯಂತ್ರವು ಓದಿ ಹುಡುಕಿಕೊಡಬಲ್ಲದು. ಆದರೆ ಕೈಬರಹದ ಹಳೆಯ ಪತ್ರಗಳನ್ನು, ಅದರಲ್ಲೂ ಉತ್ತರ ಕರ್ನಾಟಕದ ಮೋಡಿ ಲಿಪಿಯ ಕಾಗದಗಳನ್ನು, ಯಂತ್ರದ ಓದಿಗೆ ಬಿಟ್ಟು ಕೂರುವಂತಿಲ್ಲ. ಅವುಗಳ ಸಾರವನ್ನು ಬಲ್ಲವರೇ ಬರೆದು ಜೋಡಿಸಬೇಕು. ಹಿರಿಯ ಗುಮಾಸ್ತರ ಅನುಭವಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ.

ಎರಡನೆಯದಾಗಿ, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರವಿದೆ ಎಂಬುದು ನಿಶ್ಚಿತವಾಗಿರಬೇಕು. ಕಚೇರಿಗೆಲ್ಲ ಒಂದೇ ಗುಪ್ತಪದವಿರುವುದು ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಗುಪ್ತಪದದೊಂದಿಗೆ ಫೋನಿಗೆ ಬರುವ ಸಂಕೇತವನ್ನೂ ಕೇಳುವ ಎರಡು ಹಂತದ ಪರಿಶೀಲನೆ ಇರಬೇಕು. ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅಂದೇ ರದ್ದುಪಡಿಸಬೇಕು.

ಮೂರನೆಯದಾಗಿ, ಸೇವೆ ಕೊಡುವ ಸಂಸ್ಥೆಯ ಕರಾರನ್ನು ವಕೀಲರು ವಕೀಲರಂತೆಯೇ ಓದಬೇಕು. ದಾಖಲೆಗಳು ಯಾವ ದೇಶದಲ್ಲಿರುತ್ತವೆ? ಅವುಗಳನ್ನು ಗೂಢಲಿಪಿಯಲ್ಲಿ ಇರಿಸುತ್ತಾರೆಯೇ? ಸೇವೆಯನ್ನು ಬಿಡುವಾಗ ಎಲ್ಲವೂ ಬಳಸಬಲ್ಲ ರೂಪದಲ್ಲಿ ಮರಳಿ ದೊರೆಯುವುದೇ? ಇತರರ ಕರಾರಿನಲ್ಲಿ ಅಲ್ಪವಿರಾಮವನ್ನೂ ಬಿಡದೆ ನೋಡುವವರು ತಮ್ಮ ಕರಾರಿಗೆ ಓದದೆಯೇ ‘ಒಪ್ಪಿಗೆ’ ಒತ್ತುವುದು ವಿಚಿತ್ರವಾದೀತು.

ಕೊನೆಯದಾಗಿ, ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಪಾಲಿಸಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ.

ಮೂಲ ಪ್ರತಿ ಮೂಲವೇ

ಕುಟುಂಬದವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಕಡೆಗಣಿಸುವಂತಿಲ್ಲ. ಕಾಗದದ ಮೇಲೆ ಬರೆದ ದಸ್ತಾವೇಜಿನ ಸ್ಕ್ಯಾನ್ ಪ್ರತಿಯು ಕಾನೂನಿನ ಕಣ್ಣಿಗೆ ಪ್ರತಿಯೇ. ಮೂಲ ಏಕೆ ಇಲ್ಲವೆಂಬುದನ್ನು ನ್ಯಾಯಾಲಯಕ್ಕೆ ವಿವರಿಸಬೇಕಾಗುತ್ತದೆ. ನೋಂದಾಯಿತ ಖರೀದಿ ಪತ್ರ ಕಳೆದರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ದೊರೆಯಬಹುದು. ಆದರೆ ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾಗದ ಮೃತ್ಯುಪತ್ರದ ಮೂಲ ಕಳೆದರೆ ಯಾವ ಸರ್ಕಾರಿ ಕಚೇರಿಯಲ್ಲೂ ಅದರ ನಕಲು ಇರುವುದಿಲ್ಲ. ಮೇಲಾಗಿ, ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ನೀಡಿದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವೇ ಮೃತ್ಯುಪತ್ರವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದು ಕಾಗದದ ಮೇಲೆಯೇ, ಇಬ್ಬರು ಸಾಕ್ಷಿಗಳ ರುಜುವಿನೊಡನೆಯೇ ಇರಬೇಕು. ಮೃತ್ಯುಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲು 1908ರ ನೋಂದಣಿ ಅಧಿನಿಯಮದಲ್ಲಿ ಅವಕಾಶವಿರುವುದನ್ನು ಹಿರಿಯರು ಬಳಸಿಕೊಳ್ಳಬಹುದು.

ಇನ್ನೊಂದು ಸಂಗತಿ. ಕಡತ ಕಕ್ಷಿದಾರನದು. ಶುಲ್ಕ ಬಾಕಿ ಇದೆಯೆಂಬ ಕಾರಣಕ್ಕೆ ವಕೀಲರು ಅದನ್ನು ತಡೆಹಿಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದುದರಿಂದ ಸಂಕೋಚ ಬೇಡ. ಮುಂದಿನ ಬಾರಿ ವಕೀಲರನ್ನು ಕಂಡಾಗ ವಿನಯದಿಂದಲೇ ಕೇಳಿರಿ: “ನಮ್ಮ ಮೂಲ ಪತ್ರಗಳು ಎಲ್ಲಿವೆ? ಅವುಗಳ ಪ್ರತಿ ಎಲ್ಲಿದೆ? ಅದನ್ನು ಯಾರು ಯಾರು ತೆರೆದು ನೋಡಬಲ್ಲರು?” ದಾವೆ ಮುಗಿದಿದ್ದರೆ ಮೂಲಗಳನ್ನು ರಸೀದಿ ಕೊಟ್ಟು ಮರಳಿ ಪಡೆಯಿರಿ. ಅವು ಎಲ್ಲಿವೆ ಎಂಬುದನ್ನು ಮನೆಯೊಡತಿಗೂ ಮಕ್ಕಳಿಗೂ ತಿಳಿಸಿರಿ.

ಹಿಂದೆ ಕಣಜಕ್ಕೆ ಕಾಳು ತುಂಬುವ ಮುನ್ನ ಒಣಗಿಸಿ, ಹಸನು ಮಾಡಿ, ಮುಂದಿನ ಬಿತ್ತನೆಗೆ ಬೀಜವನ್ನು ಬೇರೆ ತೆಗೆದಿಡುತ್ತಿದ್ದರು. ಹೊಸ ಕಣಜಕ್ಕೂ ಆ ಎಚ್ಚರವೇ ಬೇಕು. ಕಡತಗಳ ಪ್ರತಿ ಎಲ್ಲಿಯೇ ಇರಲಿ, ಬೀಜದಂಥ ಮೂಲ ಪತ್ರ ಮಾತ್ರ ಮನೆಯವರ ಕಣ್ಣಳತೆಯಲ್ಲಿರಲಿ.