ಕಡಿದ ಕಾಡು, ಕಡೆದ ದಾರಿ

ಅಕ್ಟೋಬರ್ ಬಂತೆಂದರೆ ಆಶ್‌ವಿಲ್‌ನ ಹೋಟೆಲುಗಳಲ್ಲಿ ಕೋಣೆ ಸಿಗುವುದು ಕಷ್ಟ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಈ ಬೆಟ್ಟದೂರಿಗೆ ಷಾರ್ಲಟ್, ರಾಲಿ, ಅಟ್ಲಾಂಟಾಗಳಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟ ಕನ್ನಡದ ಕುಟುಂಬಗಳೂ ಅವುಗಳಲ್ಲಿ ಇರುತ್ತವೆ. ಎಲ್ಲರೂ ಹೊರಟಿರುವುದು ಬ್ಲೂ ರಿಜ್ ಪಾರ್ಕ್‌ವೇಗೆ. ಬೆಟ್ಟಸಾಲಿನ ನೆತ್ತಿ ಹಿಡಿದು 755 ಕಿಲೋಮೀಟರ್ ಸಾಗುವ ದಾರಿ ಅದು. ಸರಕಿನ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಜಾಹೀರಾತು ಫಲಕ ಒಂದೂ ಕಾಣುವುದಿಲ್ಲ. ಗಂಟೆಗೆ 72 ಕಿಲೋಮೀಟರಿಗಿಂತ ವೇಗವಾಗಿ ಹೋಗುವಂತಿಲ್ಲ. ಇಕ್ಕೆಲದಲ್ಲೂ ಹಳದಿ, ಕಿತ್ತಳೆ, ಕಡುಗೆಂಪು.

ಮನುಷ್ಯ ಮುಟ್ಟದ ಕಾಡು ಎಂದೇ ನೋಡಿದವರಿಗೆ ಅನಿಸುತ್ತದೆ. ಆದರೆ ಈ ಕಾಡನ್ನು ಮನುಷ್ಯ ಒಮ್ಮೆ ಹೆಚ್ಚುಕಡಿಮೆ ಮುಗಿಸಿಯೇ ಬಿಟ್ಟಿದ್ದ.

1880ರಲ್ಲಿ ಆಶ್‌ವಿಲ್‌ಗೆ ರೈಲು ಬಂತು. ಅದರ ಹಿಂದೆಯೇ ಮರದ ಕಂಪನಿಗಳೂ ಬಂದವು. ಕೆಲವೇ ದಶಕಗಳಲ್ಲಿ ಇಳಿಜಾರುಗಳು ಬೋಳಾದವು. ಉಳಿದ ರೆಂಬೆ-ಕೊಂಬೆಗಳಿಗೆ ಬೆಂಕಿ ಬಿದ್ದು ಮಣ್ಣೂ ಸುಟ್ಟಿತು. ಇದೇ ಕಾಲದಲ್ಲಿ ಜಾರ್ಜ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ಊರಿನ ಪಕ್ಕ ಬಿಲ್ಟ್‌ಮೋರ್ ಎಂಬ ಮಹಲು ಕಟ್ಟಿಸಿ ಸುತ್ತ ಲಕ್ಷಕ್ಕೂ ಹೆಚ್ಚು ಎಕರೆ ಕೊಂಡ. ಮಹಲನ್ನು ನೋಡಲು ಇಂದಿಗೂ ಜನ ಮುಗಿಬೀಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿ ನಡೆದ ಕಾಡಿನ ಕೆಲಸ. ಗಿಫರ್ಡ್ ಪಿಂಚೊ, ಅವನ ನಂತರ ಜರ್ಮನಿಯ ಕಾರ್ಲ್ ಶೆಂಕ್, ಕೆಟ್ಟ ನೆಲದಲ್ಲಿ ಮರ ಬೆಳೆಸುವ ಬಗೆಯನ್ನು ಅಲ್ಲಿ ಪ್ರಯೋಗಿಸಿದರು. 1898ರಲ್ಲಿ ಶೆಂಕ್ ತೆರೆದದ್ದು ಆ ದೇಶದ ಮೊದಲ ಅರಣ್ಯಶಾಸ್ತ್ರದ ಶಾಲೆ. ವ್ಯಾಂಡರ್‌ಬಿಲ್ಟ್ 1914ರಲ್ಲಿ ತೀರಿಕೊಂಡ ಮೇಲೆ ಪತ್ನಿ ಈಡಿತ್ ಆ ಕಾಡಿನ ಬಹುಭಾಗವನ್ನು ಸರ್ಕಾರಕ್ಕೆ ಮಾರಿದಳು. 1916ರಲ್ಲಿ ಅದು ಪಿಸ್ಗಾ ರಾಷ್ಟ್ರೀಯ ಅರಣ್ಯವಾಯಿತು.

ಮರಗಳು ಚೇತರಿಸಿಕೊಳ್ಳುತ್ತಿದ್ದಾಗ ಇನ್ನೊಂದು ಪೆಟ್ಟು ಬಿತ್ತು. ಅಪಲೇಚಿಯನ್ ಬೆಟ್ಟಗಳ ರಾಜವೃಕ್ಷ ಚೆಸ್ಟ್‌ನಟ್. ಬಡ ಬೇಸಾಯಗಾರರ ಮನೆಗೆ ತೊಲೆ, ಹಂದಿಗೆ ಮೇವು, ಮಕ್ಕಳಿಗೆ ಕಾಯಿ ಎಲ್ಲವೂ ಅದರಿಂದಲೇ ಬರುತ್ತಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಶಿಲೀಂಧ್ರ ರೋಗವೊಂದು ದಕ್ಷಿಣಕ್ಕೆ ಇಳಿದು, 1940ರ ದಶಕದ ಹೊತ್ತಿಗೆ ದೊಡ್ಡ ಚೆಸ್ಟ್‌ನಟ್ ಮರಗಳನ್ನೆಲ್ಲ ನುಂಗಿತ್ತು. ತೆರವಾದ ಜಾಗಕ್ಕೆ ಓಕ್, ಹಿಕರಿ, ಟ್ಯುಲಿಪ್ ಪಾಪ್ಲರ್, ಕೆಂಪು ಮೇಪಲ್ ನುಗ್ಗಿದವು. ಚೆಸ್ಟ್‌ನಟ್ ಎಲೆ ಶರತ್ಕಾಲದಲ್ಲಿ ಹಳದಿಗೆ ತಿರುಗುತ್ತಿತ್ತು. ಇಂದು ಪ್ರವಾಸಿಗರು ಮಾರುಹೋಗುವ ಕೆಂಪಿನ ಬಹುಪಾಲು ಆಮೇಲೆ ಬಂದ ಮರಗಳದು.

ಚೆಸ್ಟ್‌ನಟ್ ಸಾಯುತ್ತಿದ್ದ ಹೊತ್ತಿಗೆ ಊರೂ ಕೆಟ್ಟಿತ್ತು. 1930ರ ನವೆಂಬರಿನಲ್ಲಿ ಆಶ್‌ವಿಲ್‌ನ ಮುಖ್ಯ ಬ್ಯಾಂಕು ಮುಳುಗಿ, ಅದರೊಂದಿಗೆ ನಗರಸಭೆಯ ಹಣವೂ ಹೋಯಿತು. ಆ ಕಾಲದ ಸಾಲ ಪೂರ್ತಿ ತೀರಿದ್ದು 1976ರಲ್ಲಿ! ಮಹಾ ಆರ್ಥಿಕ ಕುಸಿತದ ನಿರುದ್ಯೋಗ ನೀಗಿಸಲು ರೂಸ್‌ವೆಲ್ಟ್ ಸರ್ಕಾರ, ವರ್ಜೀನಿಯಾದ ಶೆನಾಂಡೋವಾ ಮತ್ತು ದಕ್ಷಿಣದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಗಳ ನಡುವೆ ಬೆಟ್ಟದ ದಾರಿ ಕಟ್ಟಲು ಒಪ್ಪಿದಾಗ ಆಶ್‌ವಿಲ್ ಅದನ್ನು ಜೀವದಾನವೆಂದೇ ಹಿಡಿದುಕೊಂಡಿತು. ದಾರಿ ತಮ್ಮಲ್ಲಿ ಬರಲಿ ಎಂದು ನೆರೆಯ ಟೆನೆಸಿಯೂ ಪಟ್ಟು ಹಿಡಿದಿತ್ತು. ಪರಿಶೀಲನಾ ಸಮಿತಿ ಟೆನೆಸಿಯ ಪರವಾಗಿಯೇ ಶಿಫಾರಸು ಮಾಡಿತು. ಆಶ್‌ವಿಲ್‌ನ ಪ್ರಮುಖರು ವಾಷಿಂಗ್ಟನ್ನಿಗೆ ಎಡತಾಕಿದರು. ಕೊನೆಗೆ 1934ರ ನವೆಂಬರಿನಲ್ಲಿ ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕೀಸ್ ಸಮಿತಿಯ ಮಾತನ್ನು ಬದಿಗಿಟ್ಟು ನಾರ್ತ್ ಕ್ಯಾರೊಲಿನಾಗೆ ಒಪ್ಪಿಗೆ ಕೊಟ್ಟ. ಮರುವರ್ಷ ಸೆಪ್ಟೆಂಬರ್ 11ರಂದು ಕೆಲಸ ಶುರುವಾಯಿತು.

ದಾರಿಯ ರೂಪ ಕಲ್ಪಿಸಿದವನು ಸ್ಟಾನ್ಲಿ ಅಬಟ್. ಇಪ್ಪತ್ತರ ಹರೆಯದ ಭೂದೃಶ್ಯ ವಿನ್ಯಾಸಕ. ಎಲ್ಲಿ ತಿರುವಿದರೆ ಕಣಿವೆ ತಟ್ಟನೆ ತೆರೆದುಕೊಳ್ಳುತ್ತದೆ, ಎಲ್ಲಿ ಕಣ್ಣಿಗೆ ಬಿಡುವು ಬೇಕು, ಎಲ್ಲಿ ಹಳೆಯ ಮರದ ಬೇಲಿ ಉಳಿಸಬೇಕು ಎಂದು ನೋಡಿ ನೋಡಿ ಅವನೂ ಅವನ ಸಂಗಡಿಗರೂ ದಾರಿ ಎಳೆದರು. ಕಾಡು ಬೆಳೆದು ನೋಟ ಮುಚ್ಚಿಹೋಗದಂತೆ ವೀಕ್ಷಣಾ ತಾಣಗಳ ಮುಂದಿನ ಮರಗಳನ್ನು ಈಗಲೂ ಸವರುತ್ತಾರೆ. ಹೀಗೆ ಕೈಯಿಟ್ಟು ಕಾಪಾಡಿದ ಚೆಲುವನ್ನು ಕಮ್ಮಿ ಎನ್ನಲು ನನಗೆ ಮನಸ್ಸಿಲ್ಲ.

ಬೆಲೆ ತೆತ್ತವರೂ ಇದ್ದರು. ದಾರಿಗೆ ಅಗಲವಾದ ಪಟ್ಟಿಯನ್ನೇ ವಶಪಡಿಸಿಕೊಂಡಿದ್ದರಿಂದ ಎಷ್ಟೋ ಬೇಸಾಯಗಾರರ ಹೊಲ ಹೋಯಿತು. ಮನೆ ಮುಂದೆ ಹಾದ ದಾರಿಗೆ ಅವರೇ ಗಾಡಿ ಹೊಡೆಯುವಂತಿರಲಿಲ್ಲ. ದಕ್ಷಿಣ ತುದಿಯ ಮೂಲನಿವಾಸಿ ಚೆರೊಕೀ ಜನ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ತಮ್ಮ ಕಣಿವೆಯ ಒಳ್ಳೆಯ ಭೂಮಿ ಬಿಟ್ಟುಕೊಡಲು ಒಪ್ಪದೆ ವರ್ಷಗಟ್ಟಲೆ ಹಟ ಹಿಡಿದು, 1940ರಲ್ಲಿ ದಾರಿಯನ್ನು ಬೆಟ್ಟದ ನೆತ್ತಿಗೆ ತಳ್ಳಿದರು. ಆ ಹಟಕ್ಕೆ ನಾನು ತಲೆಬಾಗುತ್ತೇನೆ.

ಕೊನೆಯ ತುಣುಕು ಉಳಿದದ್ದು ಗ್ರ್ಯಾಂಡ್‌ಫಾದರ್ ಬೆಟ್ಟದಲ್ಲಿ. ದಾರಿಗಾಗಿ ಬೆಟ್ಟದ ಮೇಲ್ಭಾಗವನ್ನು ಕೊರೆಯಲು ಒಡೆಯ ಹ್ಯೂ ಮಾರ್ಟನ್ ಬಿಡಲಿಲ್ಲ. ವರ್ಷಗಳ ಜಗಳದ ನಂತರ ನಡುಮಟ್ಟದ ದಾರಿಗೆ ಒಪ್ಪಂದವಾಯಿತು. ಬಂಡೆ, ಮರಗಳಿಗೆ ಧಕ್ಕೆಯಾಗದಂತೆ ಹೇಗೆ ಕಟ್ಟುವುದು? ಲಿನ್ ಕೋವ್ ಮೇಲ್ಸೇತುವೆಯೇ ಅದಕ್ಕೆ ಉತ್ತರ. ಎರಕ ಹೊಯ್ದ 153 ಕಾಂಕ್ರೀಟ್ ಖಂಡಗಳನ್ನು, ಆಗಲೇ ಕಟ್ಟಿದ ಭಾಗದ ಮೇಲೆ ನಿಂತೇ, ಒಂದರ ಮುಂದೆ ಒಂದು ಜೋಡಿಸಿದರು. ಅವುಗಳಲ್ಲಿ ನೆಟ್ಟಗಿರುವುದು ಒಂದೇ ಖಂಡ. ಬಂಡೆಯ ಬಣ್ಣಕ್ಕೆ ಹೊಂದಲೆಂದು ಕಾಂಕ್ರೀಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿದರು. 1987ರ ಸೆಪ್ಟೆಂಬರಿನಲ್ಲಿ, ಶುರುವಾದ 52 ವರ್ಷಕ್ಕೆ, ದಾರಿ ಪೂರ್ಣವಾಯಿತು.

ಈ ದಾರಿಯಲ್ಲಿ ಬಣ್ಣದ ಕಾಲ ಇಷ್ಟು ದಿನ ಬಾಳುವುದಕ್ಕೆ ಎತ್ತರವೇ ಕಾರಣ. ಆಶ್‌ವಿಲ್ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಹತ್ತಿರದ ಮೌಂಟ್ ಮಿಚೆಲ್ 2,037 ಮೀಟರ್. ಹಗಲು ಕುಗ್ಗಿ ತಂಪು ಏರಿದಂತೆ ಎಲೆಯ ಹಸಿರು ವರ್ಣಕ ಕರಗಿ, ಒಳಗೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ಹುಟ್ಟುವ ಆಂಥೋಸಯನಿನ್ ಅದು. ಚೈತ್ರದಲ್ಲಿ ನಮ್ಮ ಮಾವಿನ ಚಿಗುರನ್ನು ಕೆಂಪಾಗಿಸುವುದೂ ಇದೇ ಬಗೆಯ ವರ್ಣಕ. ಸೆಪ್ಟೆಂಬರ್ ಕೊನೆಗೆ ಶಿಖರಗಳಲ್ಲಿ ತೊಡಗುವ ಬಣ್ಣ ವಾರವಾರಕ್ಕೂ ಕೆಳಗಿಳಿದು ನವೆಂಬರ್ ಮೊದಲಲ್ಲಿ ಊರಿನ ಬೀದಿ ಮುಟ್ಟುತ್ತದೆ. ಎಲ್ಲಕ್ಕಿಂತ ಮುಂಚೆ ಕೆಂಪೇರುವ ಜಾಗಗಳಲ್ಲಿ ಗ್ರೇವ್‌ಯಾರ್ಡ್ ಫೀಲ್ಡ್ಸ್ ಒಂದು. 1925ರ ಕಾಳ್ಗಿಚ್ಚು ಅಲ್ಲಿನ ಮಣ್ಣನ್ನೇ ಸುಟ್ಟಿತ್ತು. ದೊಡ್ಡ ಮರ ಬೇಗ ಬೇರೂರದ ಆ ಬಯಲನ್ನು ಬ್ಲೂಬೆರಿ ಪೊದೆಗಳು ತುಂಬಿಕೊಂಡವು.

2024ರ ಸೆಪ್ಟೆಂಬರ್ 27ರಂದು, ಬಣ್ಣ ಇನ್ನೇನು ಇಳಿಯಬೇಕು ಎನ್ನುವಾಗ, ಹೆಲೀನ್ ಚಂಡಮಾರುತದ ಮಳೆ ಆಶ್‌ವಿಲ್ ಮೇಲೆ ಸುರಿಯಿತು. ಫ್ರೆಂಚ್ ಬ್ರಾಡ್ ನದಿ 1916ರ ಮಹಾಪೂರದ ಮಟ್ಟವನ್ನೂ ಮೀರಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಪಾರ್ಕ್‌ವೇ ಇಡಿಯಾಗಿ ಮುಚ್ಚಿತು. ಗುಡ್ಡ ಕುಸಿದು ಕೆಲವೆಡೆ ದಾರಿಯೇ ಕೊಚ್ಚಿಹೋಯಿತು. ವರ್ಷದ ದುಡಿಮೆಗೆ ಅಕ್ಟೋಬರನ್ನೇ ನಂಬಿದ್ದ ಊರಿನ ನಲ್ಲಿಗಳಲ್ಲಿ ಕುಡಿಯುವ ನೀರು ಮತ್ತೆ ಬಂದದ್ದು ನವೆಂಬರ್ 18ಕ್ಕೆ. ಆ ಬಳಿಕ ದಾರಿಯನ್ನು ತುಂಡುತುಂಡಾಗಿ ಸರಿಪಡಿಸಿ ತೆರೆಯುತ್ತ ಬಂದರು. ಮರ ಉರುಳಿ ಬಿಸಿಲು ಬಿದ್ದ ಇಳಿಜಾರುಗಳಲ್ಲಿ ಮೊದಲು ಏಳುವುದು ನೆರಳು ಸಹಿಸದ ಟ್ಯುಲಿಪ್ ಪಾಪ್ಲರ್‌ನಂಥ ಮರಗಳು. ಪಾಪ್ಲರ್ ಹಣ್ಣಾಗುವುದು ಅಚ್ಚ ಹಳದಿಗೆ.