ಬೇರಿಗೆ ಟಾನಿಕ್ ಕಟ್ಟಿದರೆ ಗೊಬ್ಬರ ಬೇಡವೇ?

ಪ್ರಶ್ನೆ: ಸಂಪಿಗೆ ಊರಿನ ತೆಂಗಿನ ತೋಟಕ್ಕೆ ಕೂಲಿ ಕೊಟ್ಟು ಬೇರಿಗೆ ಟಾನಿಕ್ ಕಟ್ಟಿಸಿದರೆ ಗೊಬ್ಬರದ ಖರ್ಚು ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ. ಫಲ ಬಿಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಶಿಫಾರಸು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ತೆಂಗಿನ ಟಾನಿಕ್ಕೋ, ಆರು ತಿಂಗಳಿಗೊಮ್ಮೆ ಮರಕ್ಕೆ 200 ಮಿ.ಲೀ. ಅಷ್ಟೇ. ಕಿಲೋಗಟ್ಟಲೆ ಪೊಟ್ಯಾಷ್ ಒಂದು ಲೋಟದಲ್ಲಿ ಹಿಡಿದೀತೇ?

ಟಾನಿಕ್ ಕಟ್ಟುವ ಕ್ರಮ ಹೀಗೆ. ಬುಡದ ಮಣ್ಣು ಕೆದಕಿ ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿ, ದ್ರಾವಣ ತುಂಬಿದ ಪ್ಲಾಸ್ಟಿಕ್ ಚೀಲದ ತಳ ಮುಟ್ಟುವಂತೆ ಇಳಿಸಿ ದಾರ ಬಿಗಿಯಬೇಕು. ಒಣಬೇರು ಹನಿಯನ್ನೂ ಹೀರದು. ಚೀಲ ಖಾಲಿಯಾಗದಿದ್ದರೆ ಬೇರೆ ಬೇರು ನೋಡಲೇಬೇಕು. ಕೂಲಿ ಸಲ್ಲುವುದು ಈ ಕೈಚಳಕಕ್ಕೆ.

ಕಪ್ಪುತಲೆ ಹುಳುವಿಗೆಂದು ಇದೇ ರೀತಿ ಬೇರಿನ ಮೂಲಕ ಕೀಟನಾಶಕ ಉಣಿಸಿದ್ದರೆ 45 ದಿನ ಎಳನೀರು, ಕಾಯಿ ಕೀಳುವಂತಿಲ್ಲ.

ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಸುರಿಯದೆ, ಬುಡದಿಂದ 1.8 ಮೀಟರ್‌ವರೆಗಿನ ಪಾತಿಯಲ್ಲಿ, ತೇವವಿದ್ದಾಗ, ಎರಡು ಕಂತಿನಲ್ಲಿ ಹರಡಿ ಮಣ್ಣಿಗೆ ಸೇರಿಸಿ. ಟಾನಿಕ್‌ಗೆ ದುಡ್ಡು ಬಿಚ್ಚುವ ಮೊದಲು ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.